ಕಣ್ಣಿನ ಹೋಳು

ಒಂದು ಗ್ಯಾಸ್ ಸಿಲಿಂಡರನ್ನು ಐದು ತಿಂಗಳು ಓಡಿಸುವ ಹೆಂಗಸು ದಾಂಡೇಲಿಯಲ್ಲಿ ಯಾರಾದರೂ ಇದ್ದರೆ ಅದು ಅಮೀನಾಬಿ ಒಬ್ಬಳೇ. ನಂಬದವರು ಬಿಡಲಿ, ಅವರ ಸಿಲಿಂಡರು ಅವರಿಗೆ. ಉಳವಪ್ಪನ ಚಾಳಿನಲ್ಲಿ ಬಾಡಿಗೆಗಿದ್ದವರೆಲ್ಲ ಕಣ್ಣಾರೆ ಕಂಡ ಮಾತಿದು. ಬೇಳೆಯನ್ನು ಹಿಂದಿನ ದಿನವೇ ನೆನೆಹಾಕುತ್ತಾಳೆ. ಬೆಳಿಗ್ಗೆ ಒಲೆಯ ಮೇಲಿಟ್ಟು ಒಂದು ಒಳ್ಳೆಯ ಕುದಿ ಬಂತೋ ಇಲ್ಲವೋ, ಟಕ್ಕೆಂದು ಗ್ಯಾಸು ಬಂದ್. ಪಾತ್ರೆಯನ್ನು ಮುಚ್ಚಳದ ಸಮೇತ ದಪ್ಪ ಕೌದಿಯಲ್ಲಿ ಸುತ್ತಿ ಮೂಲೆಯಲ್ಲಿ ಕೂರಿಸುತ್ತಾಳೆ. ಬಂಗೂರನಗರದ ಎರಡು ಮನೆಗಳ ಅಡುಗೆ ಮುಗಿಸಿ ಅವಳು ವಾಪಸು ಬರುವಷ್ಟರಲ್ಲಿ ಕೌದಿಯೊಳಗೆ ಬೇಳೆ ಬೆಣ್ಣೆಯ ಹಾಗೆ ಬೆಂದಿರುತ್ತದೆ. ಆ ಕೌದಿಯೂ ಪುಕ್ಕಟೆಯದೇ ಅನ್ನಿ, ಹಳೇ ಸೀರೆಗಳನ್ನೆಲ್ಲ ಒಟ್ಟು ಮಾಡಿ ಮುಂಡಗೋಡ ಕಡೆಯ ಸಿದ್ದಿ ಹೆಂಗಸೊಬ್ಬಳ ಕೈಲಿ ಹೊಲಿಸಿದ್ದು.

ಇಂಥವು ಅವಳ ಹತ್ತಿರ ಬೇಕಾದಷ್ಟಿದ್ದವು. ಅಡುಗೆಮನೆಗೂ ಹೊರಖೋಲಿಗೂ ನಡುವಿನ ಬಾಗಿಲ ಮೇಲೆ ಒಂದೇ ಬಲ್ಬು, ಎರಡೂ ಕಡೆ ಬೆಳಕು. ಸ್ನಾನದ ನೀರಿಗೆ ಒಲೆ ಯಾಕೆ, ಹಿತ್ತಿಲಲ್ಲಿ ಕಪ್ಪು ಕೊಡವನ್ನು ಬಿಸಿಲಿಗಿಟ್ಟರೆ ಮಧ್ಯಾಹ್ನಕ್ಕೆ ಮೈಗೆ ಹಿತವಾಗುವಷ್ಟು ಬಿಸಿ. ಸವೆದ ಸಾಬೂನಿನ ಚೂರನ್ನು ಹೊಸ ಸಾಬೂನಿನ ಬೆನ್ನಿಗೆ ಒತ್ತಿ ಅಂಟಿಸುವುದು. ಸಂತೆಗೆ ಹೋಗುವುದಾದರೆ ಹೊತ್ತು ಇಳಿದ ಮೇಲೆ, ವ್ಯಾಪಾರಿಗಳು ಗೋಣಿ ಝಾಡಿಸುವ ಹೊತ್ತಿಗೆ. ಅದೂ ಹೊಟ್ಟೆತುಂಬ ಉಂಡು. ಹಸಿದ ಹೊಟ್ಟೆಯಲ್ಲಿ ಸಂತೆಗೆ ಹೋದವರು ಬೇಡದ್ದನ್ನೆಲ್ಲ ಹೊತ್ತು ತರುತ್ತಾರೆಂದು ಚಾಳಿನ ಸೊಸೆಯಂದಿರಿಗೆಲ್ಲ ಅವಳೇ ಹೇಳಿಕೊಟ್ಟದ್ದು. ಯಾರ ಮನೆಯಲ್ಲಿ ಫ್ರಿಜ್ಜು ತರಬೇಕೆಂದಿರಲಿ, ಕರೆಂಟ್ ಬಿಲ್ಲು ಏರಿರಲಿ, "ಅಮೀನಾಬೀನ್ನ ಒಂದು ಮಾತು ಕೇಳ್ರಿ" ಎನ್ನುತ್ತಿದ್ದರು. ಅವಳು ಕೆನ್ನೆಗೆ ಕೈಯಿಟ್ಟು, ಕಣ್ಣು ಅರ್ಧ ಮುಚ್ಚಿ, ಬಾಯಲ್ಲೇ ಮಣಮಣ ಲೆಕ್ಕ ಹಾಕಿ ಹೇಳಿದ್ದು ಒಂದು ದಿನವೂ ತಪ್ಪಿದ್ದಿಲ್ಲ. ಅದರ ಬಗ್ಗೆ ಅವಳಿಗೆ ಸಣ್ಣ ಸೊಕ್ಕೂ ಇತ್ತು. ಇರಲಿ ಬಿಡಿ, ಬೇರೆ ಯಾವ ಸೊಕ್ಕಿಗೆ ಅವಳ ಬಾಳಿನಲ್ಲಿ ಜಾಗ ಸಿಕ್ಕಿತ್ತು?

ಗಂಡ ರಫೀಕ ಲಾರಿ ಮೆಕ್ಯಾನಿಕ್. ಮದುವೆಯಾಗಿ ಕೆಲವೇ ವರ್ಷಕ್ಕೆ ಜ್ವರ ಬಂದು ತೀರಿಕೊಂಡ. ಮಕ್ಕಳಾಗಿರಲಿಲ್ಲ. ಹಳಿಯಾಳದಲ್ಲಿ ಒಬ್ಬ ತಮ್ಮನಿದ್ದ, ಅವನೂ ಸಂಸಾರ ಕಟ್ಟಿಕೊಂಡು ಗೋವಾ ಸೇರಿದ. ಮುಂಡಗೋಡದಲ್ಲಿ ಅಕ್ಕನ ಮಗಳು ಅಸ್ಮಾ ಇದ್ದಾಳೆ, "ಬಾ ಖಾಲಾ" ಎಂದು ಹಬ್ಬಹಬ್ಬಕ್ಕೂ ಫೋನು ಮಾಡುತ್ತಾಳೆ. "ಹೋಗೂದು ಬರೂದು ಬಸ್ ಚಾರ್ಜು ಎಷ್ಟಾಕ್ಕೈತಿ ಗೊತ್ತೈತೇನು?" ಎಂದು ಇವಳು ನಗುತ್ತಾಳೆ. ಆಮೇಲೆ ಹೆಂಗಸರಿಗೆ ಬಸ್ಸು ಪುಕ್ಕಟೆಯಾಯಿತು. ಆಧಾರ್ ಕಾರ್ಡು ತೋರಿಸಿದರೆ ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ಟು ಹರಿದುಕೊಡುತ್ತಾನೆ. ಚಾಳಿನ ಹೆಂಗಸರು ಉಳವಿ, ಧಾರವಾಡ ಎಂದು ತಿರುಗಿದ್ದೇ ತಿರುಗಿದ್ದು. ಅಮೀನಾಬಿ ಮಾತ್ರ ಕದಲಲಿಲ್ಲ. "ಕಾರ್ಡು ಎಲ್ಲಿಟ್ಟೀನೋ ಏನೋ" ಎಂದಳು. ಕಾರ್ಡು ದಿಂಬಿನ ಕೆಳಗೇ ಇತ್ತು. ನಾಲ್ಕು ದಿನ ಬೇರೆಯವರ ಮನೆಯಲ್ಲಿ ನಕ್ಕು, ಉಂಡು, ಆಮೇಲೆ ಬಂದು ತನ್ನ ಬೀಗ ತಾನೇ ತೆಗೆಯುವುದು ಅವಳಿಗೆ ಆಗುತ್ತಿರಲಿಲ್ಲ. ಅಷ್ಟೇ ವಿಷಯ. ಖರ್ಚಿನ ಹೆಸರು ಹೇಳಿದರೆ ಯಾರೂ ಮುಂದಕ್ಕೆ ಕೇಳುವುದಿಲ್ಲ ನೋಡಿ.

ಹಾಗೆ ನೋಡಿದರೆ ಒಬ್ಬರೇ ಇರುವಷ್ಟು ತುಟ್ಟಿ ಬಾಳು ಇನ್ನೊಂದಿಲ್ಲ. ಬಲ್ಬು ನಾಲ್ವರಿಗೆ ಎಷ್ಟು ಉರಿಯುತ್ತದೋ ಒಬ್ಬರಿಗೂ ಅಷ್ಟೇ ಉರಿಯುತ್ತದೆ. ಬಾಡಿಗೆಯಲ್ಲಿ ಉಳವಪ್ಪ ತಲೆ ಎಣಿಸಿ ಬಿಡುವವನಲ್ಲ. ಅರ್ಧ ಎಲೆಕೋಸು ಕೊಡು ಎಂದರೆ ಸಂತೆಯವ ಮುಖ ಸಿಂಡರಿಸುತ್ತಾನೆ. ಇಡೀದು ತಂದರೆ ಒಬ್ಬಳೇ ಎಷ್ಟು ದಿನ ತಿನ್ನುವುದು? ಈ ಒಂದು ತೊಡಕಿಗೆ ಅಮೀನಾಬಿಯ ಹತ್ತಿರ ಉಪಾಯವಿರಲಿಲ್ಲ. ಉಪಾಯ ತಾನಾಗಿ ಬಂದು ಪಕ್ಕದ ಮನೆಗೆ ಬಾಡಿಗೆಗೆ ಕೂತಿತು.

ಈರಕ್ಕನ ಗಂಡ ಕಾಗದದ ಮಿಲ್ಲಿನಲ್ಲಿ ಇದ್ದವನು. ಅವನು ಹೋದ ಮೇಲೆ ಕ್ವಾರ್ಟರ್ಸು ಬಿಟ್ಟು, ಬರುವ ಸಣ್ಣ ಪೆನ್ಶನ್ನಿನಲ್ಲಿ ಆಕೆ ಚಾಳಿಗೆ ಬಂದಳು. ಅಮೀನಾಬಿಗಿಂತ ವಯಸ್ಸಿನಲ್ಲಿ ಹಿರಿಯಳು, ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗ, ಬಾಯಲ್ಲಿ ಸದಾ ಎಲೆ ಅಡಿಕೆ. ಆಕೆಗೂ ಮಕ್ಕಳಿಲ್ಲ. ಬಂದ ವಾರದಲ್ಲೇ ಒಂದು ಬೆಳಿಗ್ಗೆ ಕೈಯಲ್ಲಿ ತೆಂಗಿನಕಾಯಿ ಹಿಡಿದು ಅಮೀನಾಬಿಯ ಬಾಗಿಲಿಗೆ ನಿಂತಳು. "ಏನವಾ, ಇಡೀ ಕಾಯಿ ನನಗೊಬ್ಬಾಕಿಗೆ ಹೆಚ್ಚಾಗ್ತೈತಿ. ಅರ್ಧಾ ನೀ ತಗೋ, ಅರ್ಧಾ ರೊಕ್ಕಾ ಕೊಡು" ಎಂದಳು. ಅಮೀನಾಬಿಗೆ ಸ್ವರ್ಗ ಸಿಕ್ಕಂತಾಯಿತು.

ಅಂದಿನಿಂದ ಅರ್ಧದ ಕಾರಭಾರ ಶುರು. ತೆಂಗಿನಕಾಯಿ ಅರ್ಧ ಅರ್ಧ, ಎಲೆಕೋಸು ಅರ್ಧ ಅರ್ಧ, ಕುಂಬಳಕಾಯಿ, ಹಾಲಿನ ಪಾಕೀಟು, ಕೊತ್ತಂಬರಿ ಸಿವುಡು, ಕೊನೆಗೆ ಸಂತೆಯಿಂದ ಬರುವ ರಿಕ್ಷಾದ ಬಾಡಿಗೆ ಕೂಡ. ಬೆಳಿಗ್ಗೆ ಮಿಲ್ಲಿನ ಭೋಂಗಾ ಕೂಗಿದ ಸ್ವಲ್ಪ ಹೊತ್ತಿಗೆ ನಡುಗೋಡೆಯ ಮೇಲೆ ಈರಕ್ಕ ಸೌಟಿನಿಂದ ಟಕಟಕ ಬಡಿಯುವಳು. ಇಬ್ಬರ ಬಾಗಿಲುಗಳ ನಡುವಿನ ಕಟ್ಟೆಯ ಮೇಲೆ ಪಾಲು. ಅಮೀನಾಬಿ ಕತ್ತಿಯ ಬೆನ್ನಿನಿಂದ ಕಾಯಿಗೆ ಒಂದೇ ಪೆಟ್ಟು ಕೊಡುವಳು, ಈರಕ್ಕ ಬಟ್ಟಲು ಹಿಡಿದು ನೀರು ತುಂಬಿಕೊಳ್ಳುವಳು. ನೀರು ಸರದಿಯಂತೆ ಒಂದು ಸಲ ಈಕೆಗೆ, ಒಂದು ಸಲ ಆಕೆಗೆ. "ನಿಂದ ಸ್ವಲ್ಪ ದೊಡ್ಡದಾತು ನೋಡ" ಎಂದು ಒಬ್ಬಳು, "ಕಣ್ಣು ಹೋಗ್ಯಾವೇನು ನಿನ್ನವು?" ಎಂದು ಇನ್ನೊಬ್ಬಳು. ಐದು ನಿಮಿಷದ ಕೆಲಸಕ್ಕೆ ಒಂದು ತಾಸು ಹಿಡಿಯುತ್ತಿತ್ತು. ಯಾರಾದರೂ ಏನು ಮಾಡುತ್ತಿದ್ದೀರಿ ಎಂದು ಕೇಳಿದರೆ ಇಬ್ಬರೂ ಒಂದೇ ಉಸಿರಿನಲ್ಲಿ, "ಖರ್ಚು ಉಳಸಾಕತ್ತೀವಿ" ಎನ್ನುತ್ತಿದ್ದರು.

ಆದರೆ ಒಂದು ಮಾತು. ದಾಟುತ್ತಿದ್ದದ್ದು ಹಸಿಯದು ಮಾತ್ರ. ಬೆಂದದ್ದು ಅಮೀನಾಬಿಯ ಮನೆಯಿಂದ ಈರಕ್ಕನ ಮನೆಗೆ ದಾಟುತ್ತಿರಲಿಲ್ಲ. ಈರಕ್ಕನಿಂದ ಈ ಕಡೆ ಬರುತ್ತಿತ್ತು, ಪಂಚಮಿಗೆ ಉಂಡಿ, ಹುಣ್ಣಿಮೆಗೆ ಹೋಳಿಗೆ. ಮೊದಲ ವರ್ಷ ರಂಜಾನ್ ಹಬ್ಬಕ್ಕೆ ಅಮೀನಾಬಿ ಬಟ್ಟಲು ತುಂಬ ಶೀರ್ ಖುರ್ಮಾ ಒಯ್ದು ಕೊಟ್ಟಿದ್ದಳು. ಈರಕ್ಕ ನಗುನಗುತ್ತಲೇ ತೆಗೆದುಕೊಂಡಳು. ಸಂಜೆ ಹಿತ್ತಿಲ ಕಡೆ ಹೋದಾಗ ಅಮೀನಾಬಿ ನೋಡಿದ್ದೇನು, ಅಷ್ಟೂ ಶ್ಯಾವಿಗೆಯನ್ನು ಬೀದಿಯ ಹಸು ನೆಕ್ಕುತ್ತಿತ್ತು. ಬಾದಾಮಿ, ದ್ರಾಕ್ಷಿ ಎಲ್ಲ ಹಾಕಿದ ಖುರ್ಮಾ! ವರ್ಷವೆಲ್ಲ ಹಿಡಿಹಿಡಿದು ಆ ಒಂದು ದಿನ ಕೈಬಿಚ್ಚಿ ಮಾಡಿದ್ದು. ಆದರೂ ಅಮೀನಾಬಿ ಆ ಮಾತನ್ನು ಎಂದೂ ಎತ್ತಲಿಲ್ಲ. ಮುಂದಿನ ವರ್ಷದಿಂದ ಹಸಿ ಶ್ಯಾವಿಗೆ, ಸಕ್ಕರೆ ಕಟ್ಟಿ ಕೊಟ್ಟಳು. ಈರಕ್ಕ ಅದನ್ನು ತನ್ನ ಒಲೆಯ ಮೇಲೆ ತಾನೇ ಪಾಯಸ ಮಾಡಿ ಉಂಡು, ಅದರಲ್ಲೇ ಒಂದು ಬಟ್ಟಲು ಇವಳಿಗೂ ತಂದುಕೊಟ್ಟಳು. ಹಾಗೆ ಇಬ್ಬರೂ ಒಬ್ಬರ ಅಡುಗೆಮನೆಗೆ ಇನ್ನೊಬ್ಬರು ಕಾಲಿಡದೆ ಹನ್ನೊಂದು ವರ್ಷ ಕಳೆದರು.

ಇನ್ನು ಕಣ್ಣಿನ ಹೋಳಿನ ಸಂಗತಿ. ಕಾಯಿ ಒಡೆದರೆ ಒಂದು ಹೋಳಿಗೆ ಮೂರು ಕಣ್ಣು ಬರುತ್ತವೆ, ಇನ್ನೊಂದು ಬೋಳು. ಕಣ್ಣಿನ ಹೋಳು ಬೇಗ ಕೆಡುತ್ತದೆ, ಬೋಳು ಹೋಳು ನಾಲ್ಕು ದಿನ ತಡೆಯುತ್ತದೆ. ಅಡುಗೆ ಮಾಡುವ ಯಾರಿಗಾದರೂ ಇದು ಗೊತ್ತು. ಅದಕ್ಕೇ ಮೊದಲು ಅದಕ್ಕೂ ಸರದಿ ಇತ್ತು. ಈಗ್ಗೆ ಎರಡು ವರ್ಷದಿಂದ ಈರಕ್ಕ ಸರದಿ ಮುರಿದಳು. ಪ್ರತಿ ಸಲವೂ "ಕಣ್ಣಿಂದು ನನಗಿರ್ಲಿ" ಎನ್ನತೊಡಗಿದಳು. "ಯಾಕಕ್ಕಾ, ಅದು ಲಗೂ ಕೆಡ್ತೈತಿ" ಎಂದರೆ, "ನಾ ಇವತ್ತ ಹಾಕಿ ಮುಗಸ್ತೇನಿ. ನಿಂದು ಬಿಗಿ ಕೈ, ನೀ ವಾರಗಟ್ಟಲೆ ಇಡಾಕಿ. ತಡ್ಯೂದು ನೀ ತಗೋ" ಎಂದಳು. ಮಾತು ಸರಿಯಾಗಿಯೇ ಇತ್ತು. ತನಗೆ ಲಾಭವಾಗುವ ಲೆಕ್ಕವನ್ನು ಅಮೀನಾಬಿ ಯಾಕೆ ಕೆದಕಿಯಾಳು?

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಈರಕ್ಕ ಬಚ್ಚಲಲ್ಲಿ ಜಾರಿ ಬಿದ್ದಳು. ಬೆಳಿಗ್ಗೆ ಗೋಡೆ ಬಡಿಯುವ ಸದ್ದು ಬರಲಿಲ್ಲವೆಂದು ಅಮೀನಾಬಿಯೇ ಹೋಗಿ ನೋಡಿದ್ದು, ರಿಕ್ಷಾ ತರಿಸಿದ್ದು, ದವಾಖಾನೆಗೆ ಒಯ್ದದ್ದು. ಕಾಲಿನ ಎಲುಬು ಸೀಳಿತ್ತು, ಪಟ್ಟಿ ಹಾಕಿದರು. ಸುದ್ದಿ ಕೇಳಿ ಹಳಿಯಾಳದಿಂದ ಈರಕ್ಕನ ಅಣ್ಣನ ಮಗ ಶರಣಬಸವ ಬಂದ. ಒಳ್ಳೆಯ ಹುಡುಗ, ಅಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಕಟ್ಟೆಯ ಮೇಲೆ ಕೂತು, ಅಮೀನಾಬಿ ಕೊಟ್ಟ ನೀರು ಕುಡಿದು, ಬಂದ ವಿಷಯವನ್ನು ನೇರವಾಗಿ ಹೇಳಿದ.

"ಅತ್ತೀ, ಇನ್ನ ನೀ ಇಲ್ಲಿ ಒಬ್ಬಾಕಿನ ಇರೂದು ಬ್ಯಾಡ. ನಮ್ಮ ಮನ್ಯಾಗ ಖೋಲಿ ಖಾಲಿ ಐತಿ, ನಿನ್ನ ಸೊಸಿ ಪೂರ್ಣಿಮಾನೂ ಕರಕೊಂಡ ಬರ್ರಿ ಅಂದಾಳ. ಒಬ್ಬಾಕಿ ಸಲುವಾಗಿ ಒಂದು ಬಾಡಗಿ, ಒಂದು ಕರೆಂಟ ಬಿಲ್ಲು ಯಾಕ ಬೇಕು? ಅದೂ ಅಲ್ದ, ಕಾಯಿ, ಎಣ್ಣಿ ಮುಟ್ಟಬ್ಯಾಡ ಅಂತ ಡಾಕ್ಟರ್ ಹೇಳಿ ಎರಡ ವರ್ಷಾತು. ಇಲ್ಲಿ ನೀ ಏನ ಹಾಕ್ಕೊಂಡ ತಿಂತೀಯೋ ಯಾರಿಗೆ ಗೊತ್ತು?"

"ಮುಟ್ಟಿಲ್ಲ ತಗೋ" ಎಂದಳು ಈರಕ್ಕ. ಅಮೀನಾಬಿ ಆಗ ಗುಳಿಗೆಗಳನ್ನು ಬೆಳಗಿನವು, ಸಂಜೆಯವು ಎಂದು ಬೇರೆ ಬೇರೆ ಕಟ್ಟುತ್ತಿದ್ದಳು. ಮಾತು ಕಿವಿಗೆ ಬಿತ್ತು, ತಲೆಗೆ ಇಳಿಯಲಿಲ್ಲ.

ಈರಕ್ಕ ಎಲೆಗೆ ಸುಣ್ಣ ಸವರಿದಳು. ಆಮೇಲೆ ಅಮೀನಾಬಿಯ ಮುಖ ನೋಡಿದಳು. "ಅಮೀನಾನ್ನ ಕೇಳೂಣು. ಲೆಕ್ಕದಾಗ ಆಕೀನ್ನ ಮೀರ್ಸಾವ್ರು ಈ ಊರಾಗ ಯಾರೂ ಇಲ್ಲ. ನೀ ಹೇಳ ಅಮೀನಾ. ನಾ ಹೋದ್ರ ಛಲೋನೋ, ಇದ್ರ ಛಲೋನೋ?"

ನೋಡಿ, ಇಂಥ ಪ್ರಶ್ನೆಗೆ ಚಾಳಿನ ಯಾವ ಹೆಂಗಸಾದರೂ, "ಹೋಗಬ್ಯಾಡಕ್ಕಾ, ನೀ ಹೋದ್ರ ನನಗ ಯಾರದಾರ?" ಎಂದು ಸೆರಗು ಬಾಯಿಗಿಟ್ಟುಕೊಳ್ಳುತ್ತಿದ್ದಳು. ಅಮೀನಾಬಿಗೆ ಎದೆಯಲ್ಲಿ ಏನೋ ದಸಕ್ಕೆಂದದ್ದು ನಿಜ. ಆದರೆ ಅವರಿಬ್ಬರ ನಡುವೆ ಅಂಥ ಭಾಷೆಯೇ ಇರಲಿಲ್ಲ. ಹನ್ನೊಂದು ವರ್ಷ ಆಡಿದ್ದೆಲ್ಲ ಉಳಿತಾಯದ ಮಾತು. ಲೆಕ್ಕ ಕೇಳಿದ್ದಾಳೆ, ಲೆಕ್ಕ ಹೇಳಬೇಕು. ಸುಳ್ಳು ಲೆಕ್ಕ ಹೇಳುವುದುಂಟೇ? ಅದೂ ಅಣ್ಣನ ಮಗನ ಎದುರು, ತನ್ನ ಸ್ವಾರ್ಥಕ್ಕೆ? ಕೆನ್ನೆಗೆ ಕೈಯಿಟ್ಟಳು, ಕಣ್ಣು ಅರ್ಧ ಮುಚ್ಚಿದಳು. ಬಾಡಿಗೆ, ಬಿಲ್ಲು, ಗ್ಯಾಸು, ಹಾಲು, ದವಾಖಾನೆಗೆ ಓಡಾಟ.

"ಹೋದ್ರ ಉಳೀತೈತಿ" ಎಂದಳು.

"ಪೂರಾ ಹಾಕಿದೇನು ಲೆಕ್ಕಾ?"

"ಹಾಕೀನಿ."

"ಇನ್ನೊಮ್ಮೆ ಹಾಕಿ ನೋಡ."

ಅಯ್ಯೋ ಹುಚ್ಚಿ, ಆಗಲಾದರೂ ತಿಳಿಯಬೇಡವೇ? ತಿಳಿಯಲಿಲ್ಲ. ಇನ್ನೊಮ್ಮೆ ಹಾಕಿದಳು, ಬೆರಳು ಮಡಚಿ ಮಡಚಿ. ಇನ್ನೊಮ್ಮೆಯೂ ಅದೇ ಉತ್ತರ ಬಂತು. "ಹೋದ್ರನ ಉಳೀತೈತಿ ಅಕ್ಕಾ."

"ಆತು ಬಿಡು" ಎಂದಳು ಈರಕ್ಕ. ಎಲೆಯನ್ನು ಮಡಚಿದವಳು ಬಾಯಿಗೆ ಹಾಕಿಕೊಳ್ಳಲಿಲ್ಲ, ಹಾಗೇ ತಟ್ಟೆಯಲ್ಲಿಟ್ಟಳು.

ಎರಡು ದಿನ ಬಿಟ್ಟು ಟೆಂಪೋ ಬಂತು. ಸಾಮಾನೆಂದರೆ ಒಂದು ಕಪಾಟು, ಒಂದು ಮಂಚ, ಹಾಸಿಗೆ ಸುರುಳಿ. ಹೊರಡುವಾಗ ಈರಕ್ಕ ಮನೆಯ ಕೀಲಿಯನ್ನು ಅಮೀನಾಬಿಯ ಕೈಗೆ ಕೊಟ್ಟು, "ಮನಿ ತೊಳದು ಉಳವಪ್ಪಗ ಕೀಲಿ ಕೊಡು. ಅಡಗಿಮನೀನೂ ತೊಳಿ" ಎಂದಳು. ಆ ಕೊನೆಯ ಮಾತನ್ನು ಒತ್ತಿ ಹೇಳಿದಳು. ಟೆಂಪೋ ತಿರುವಿನಲ್ಲಿ ಮರೆಯಾಯಿತು. ಅಮೀನಾಬಿ ಒಳಗೆ ಬಂದು, ಬಂಗೂರನಗರಕ್ಕೆ ಹೊತ್ತಾಯಿತೆಂದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು.

ಮರುದಿನ ಭೋಂಗಾ ಕೂಗಿತು. ಅಮೀನಾಬಿ ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಕಾದಳು. ಗೋಡೆ ಸುಮ್ಮನಿತ್ತು. ಆಮೇಲೆ ನೆನಪಾಗಿ, ತನ್ನಷ್ಟಕ್ಕೆ ತಾನೇ ಸಿಟ್ಟಾಗಿ, ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ತೊಳೆದಳು.

ಒಬ್ಬಳ ಸಂಸಾರದ ತುಟ್ಟಿ ಮತ್ತೆ ಶುರುವಾಯಿತು. ಸಂತೆಯಿಂದ ತಂದ ಇಡೀ ಎಲೆಕೋಸು ಮೂರನೇ ಊಟಕ್ಕೇ ಬೇಡವಾಯಿತು. ಹಾಲು ಒಡೆಯಿತು. ತೆಂಗಿನಕಾಯಿ ಒಡೆದಾಗ ಎರಡೂ ಹೋಳು ಅವಳ ಕೈಯಲ್ಲೇ ಉಳಿದವು. ಒಂದನ್ನು ಕಟ್ಟೆಯ ಆ ಕಡೆ ಇಟ್ಟು, ಒಂದನ್ನು ಈ ಕಡೆ ಇಟ್ಟುಕೊಂಡು ಸುಮ್ಮನೆ ಕೂತಳು. ಕಾಯಿನೀರು ಯಾರ ಸರದಿ ಎಂದು ಯೋಚಿಸಿ, ಯಾರ ಸರದಿಯೂ ಅಲ್ಲವೆಂದು ಗಿಡಕ್ಕೆ ಚೆಲ್ಲಿದಳು. ಒಂದು ಹನಿ ಚೆಲ್ಲದ ಅಮೀನಾಬಿ! ಅಂದು ಅವಳು ಉಣ್ಣಲಿಲ್ಲ. ಕೌದಿಯೊಳಗಿನ ಬೇಳೆ ಹಾಗೇ ಹಳಸಿತು. ಹಳಸಿದ್ದನ್ನು ನೋಡಿ ಮತ್ತೆ ದುಃಖ. ಅಳುವುದಕ್ಕೆ ನೆವ ಸಿಕ್ಕಂತಾಗಿ, ಬೇಳೆ ಹೋಯಿತಲ್ಲ ಎಂದು ಚೆನ್ನಾಗಿ ಅತ್ತಳು.

ಉಳವಪ್ಪ ಕೀಲಿಗಾಗಿ ಹೇಳಿಕಳಿಸಿದ. ಹೊಸಬರು ಬರುತ್ತಿದ್ದರು, ಐಶ್ವರ್ಯಾ ಎಂಬ ಹುಡುಗಿ, ಅವಳ ಗಂಡ. ಇನ್ನು ತಡಮಾಡುವಂತಿರಲಿಲ್ಲ. ಅಮೀನಾಬಿ ಕಸಬರಿಗೆ, ಬಕೀಟು ಹಿಡಿದು ಈರಕ್ಕನ ಮನೆಯ ಬಾಗಿಲು ತೆಗೆದಳು. ಹೊರಖೋಲಿ ತೊಳೆದಳು. ಅಡುಗೆಮನೆಯ ಹೊಸ್ತಿಲ ಹತ್ತಿರ ಕಾಲು ತಾನೇ ನಿಂತಿತು. ಖಾಲಿ ಮನೆ, ನೋಡುವವರು ಯಾರೂ ಇಲ್ಲ, ಆದರೂ ಚಪ್ಪಲಿ ಬಿಟ್ಟು, ಸೆರಗು ತಲೆಯ ಮೇಲೆ ಎಳೆದುಕೊಂಡು ಒಳಗೆ ಹೋದಳು. ಒಲೆಕಟ್ಟೆಯ ಕೆಳಗೆ ಗೋಣಿಚೀಲವೊಂದು ಒರಗಿ ಕೂತಿತ್ತು. ಕಟ್ಟಿಗೆಯಿರಬೇಕೆಂದು ಬಾಯಿ ಬಿಚ್ಚಿದಳು.

ಚೀಲದ ತುಂಬ ತೆಂಗಿನ ಹೋಳುಗಳು. ಕರಟದ ಸಮೇತ ಬಿಸಿಲಿಗೆ ಒಣಗಿಸಿ, ಒಂದರೊಳಗೊಂದು ಕೂರಿಸಿಟ್ಟವು. ಒಂದನ್ನು ತಿರುಗಿಸಿದಳು, ಮೂರು ಕಣ್ಣು. ಇನ್ನೊಂದು ತೆಗೆದಳು, ಅದಕ್ಕೂ ಮೂರು ಕಣ್ಣು. ತಳದವರೆಗೂ ಎಲ್ಲವೂ ಕಣ್ಣಿನ ಹೋಳುಗಳೇ.

ಮೊದಲು ಬಂದದ್ದು ಸಿಟ್ಟು, ಸುಳ್ಳೇಕೆ ಹೇಳಬೇಕು. "ಯಾ ಅಲ್ಲಾ, ಇಷ್ಟೂ ರೊಕ್ಕಾ ನೀರಾಗ ಹಾಕ್ಯಾಳಲ್ಲ!" ಎಂದು ಹಣೆ ಚಚ್ಚಿಕೊಂಡಳು. ಹಣೆಯ ಮೇಲೆ ಕೈಯಿರುವಾಗಲೇ ಶರಣಬಸವನ ಮಾತು ನೆನಪಾಯಿತು. ಡಾಕ್ಟರ್ ಹೇಳಿ ಎರಡು ವರ್ಷ. ಮುಟ್ಟಿಲ್ಲ ತಗೋ. ಕಣ್ಣಿಂದು ನನಗಿರ್ಲಿ.

ತಿನ್ನದ ಕಾಯಿಗೆ ಅರ್ಧ ದುಡ್ಡು ಕೊಟ್ಟು, ಕೆಡುವ ಹೋಳು ತಾನು ತೆಗೆದುಕೊಂಡು, ತಡೆಯುವುದನ್ನು ಇವಳಿಗೆ ಬಿಟ್ಟು, ಎರಡು ವರ್ಷ ದಿನವೂ ಬಂದು ಕಟ್ಟೆಯ ಮೇಲೆ ಕೂತಿದ್ದಳು ಈರಕ್ಕ. ಅಷ್ಟು ಸಣ್ಣ ಪೆನ್ಶನ್ನಿನಲ್ಲಿ. ಯಾತಕ್ಕೆ? ಗೋಡೆ ಬಡಿಯುವುದಕ್ಕೆ ಒಂದು ನೆವ ಬೇಕಲ್ಲ, ಅದಕ್ಕೆ. ಅಮೀನಾಬಿ ಆ ತೊಳೆಯದ ನೆಲದ ಮೇಲೆಯೇ ಕೂತಳು. ಆಕೆ ಇನ್ನೊಮ್ಮೆ ಲೆಕ್ಕ ಹಾಕು ಎಂದದ್ದು ಯಾಕೆಂದು ಈಗ ತಿಳಿಯಿತು. ಬಾಡಿಗೆ, ಬಿಲ್ಲು, ಗ್ಯಾಸು ಎಲ್ಲ ಸೇರಿಸಿದ್ದಳು. ತನ್ನನ್ನೇ ಸೇರಿಸಿರಲಿಲ್ಲ.

ಚೀಲವನ್ನು ಎಳೆದು ತನ್ನ ಮನೆಗೆ ತಂದಳು. ಒಳ್ಳೆಯ ಒಣ ಕೊಬ್ಬರಿ, ವರ್ಷವಿಡೀ ಚಟ್ನಿಪುಡಿಗೆ ಆಗುತ್ತಿತ್ತು. ಒಂದನ್ನೂ ತುರಿಯಲಿಲ್ಲ. ಮರುದಿನ ಬಂಗೂರನಗರದ ಎರಡೂ ಮನೆಗೆ ರಜೆ ಹೇಳಿ, ದಿಂಬಿನ ಕೆಳಗಿನ ಕಾರ್ಡು ತೆಗೆದು, ಹಳಿಯಾಳದ ಬಸ್ಸು ಹತ್ತಿದಳು. ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ಟು ಕೊಟ್ಟ. ತೇಗದ ಮರಗಳು ಹಿಂದಕ್ಕೆ ಓಡುತ್ತಿದ್ದವು. ಇಷ್ಟು ಹತ್ತಿರದ ಊರು, ಇಷ್ಟು ಸಸಾರದ ಪ್ರಯಾಣ, ತಾನು ಇಷ್ಟು ದಿನ ಏನನ್ನು ಉಳಿಸುತ್ತ ಕೂತಿದ್ದೆ ಎಂದುಕೊಂಡಳು. ಕೈಚೀಲದಲ್ಲಿ ಬೆಳಿಗ್ಗೆ ಒಡೆದ ಕಾಯಿಯ ಒಂದು ಹೋಳಿತ್ತು. ಜೊತೆಗೆ ಮಧ್ಯಾಹ್ನಕ್ಕೆ ಅವಳದೇ ಬುತ್ತಿ, ಜೋಳದ ರೊಟ್ಟಿ, ಶೇಂಗಾ ಚಟ್ನಿ. ಪರವೂರಿನಲ್ಲಿ ಹೋಟೆಲಿಗೆ ದುಡ್ಡು ಸುರಿಯುವವಳಲ್ಲ, ಆ ಚಾಳಿ ಒಂದೇ ದಿನಕ್ಕೆ ಹೋದೀತೇ?

ಶರಣಬಸವ ಅಂಗಡಿಗೆ ಹೋಗಿದ್ದ. ಪೂರ್ಣಿಮಾ ಬಾಗಿಲು ತೆಗೆದು, "ಬರ್ರಿ ಚಾಚಿ, ಅತ್ತಿ ಹಿತ್ತಲದಾಗ ಅದಾರ" ಎಂದಳು. ಈರಕ್ಕ ಕುರ್ಚಿಯ ಮೇಲೆ ಕಾಲು ಚಾಚಿ ಬಿಸಿಲಿಗೆ ಕೂತಿದ್ದಳು. ಮೈ ಇಳಿದಿತ್ತು. ಮನೆಯವರು ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದರು, ಹಾಸಿಗೆ ಶುಭ್ರ, ಸೀರೆ ಮಡಿ, ಹತ್ತಿರ ನೀರಿನ ತಂಬಿಗೆ. ಆದರೆ ಬಾಯಿ ಒಣಗಿತ್ತು. ಎಲೆ ಅಡಿಕೆ ಹಾಕಿಕೊಂಡು ಹರಟುವುದಕ್ಕೆ ಎದುರಿಗೆ ಒಬ್ಬರು ಬೇಕಲ್ಲ.

"ಬಸ್ಸಿಗೆ ರೊಕ್ಕಾ ಹಾಕ್ಕೊಂಡ ಬಂದಿಯೇನು?" ಎಂದಳು ಈರಕ್ಕ, ಬಂದವಳ ಕೈ ಹಿಡಿದುಕೊಂಡು.

"ಪುಕ್ಕಟ ಐತಿ" ಎನ್ನುತ್ತ ಅಮೀನಾಬಿ ಚೀಲದಿಂದ ಹೋಳು ತೆಗೆದು ಆಕೆಯ ಮಡಿಲಲ್ಲಿಟ್ಟಳು. ಮೂರು ಕಣ್ಣು ಮೇಲೆ ಮಾಡಿ.

ಈರಕ್ಕ ಅದನ್ನು ನೋಡಿದಳು. "ನನಗ ಡಾಕ್ಟರ್..."

"ಗೊತ್ತೈತಿ. ಗೋಣಿಚೀಲಾ ಸಿಕ್ತು."

ಒಳಗೆ ಪೂರ್ಣಿಮಾ ಮಿಕ್ಸಿ ತಿರುಗಿಸುತ್ತಿದ್ದಳು. ಅದು ನಿಂತ ಮೇಲೆ ಅಮೀನಾಬಿ ಹೇಳಿದಳು, "ಅಕ್ಕಾ, ನನ್ನ ಲೆಕ್ಕಾ ತಪ್ಪಿತ್ತು."

"ಎರಡ ಸಲ ಹಾಕಿದ್ದಿ."

"ಎರಡೂ ಸಲ ತಪ್ಪಿತ್ತು. ನೀ ಹೋದ್ರ ಉಳ್ಯಾಂಗಿಲ್ಲ. ಏನೂ ಉಳ್ಯಾಂಗಿಲ್ಲ." ಕುರ್ಚಿಯ ಹತ್ತಿರ ಸರಿದಳು. "ನಿನ್ನ ಮನಿಗೆ ಬ್ಯಾರೆ ಮಂದಿ ಬರಾಕತ್ತಾರ. ನನ್ನ ಮನಿ ಐತಿ. ಎರಡು ಖೋಲಿ ಅವ. ಹೊರಖೋಲಿ ನಿನಗ ಬಿಡ್ತೇನಿ. ಅಡಗಿಮನ್ಯಾಗ ನಡುವ ಪಡದೆ ಕಟ್ಟಸ್ತೇನಿ, ನಿನಗ ಬ್ಯಾರೆ ಒಲಿ, ಬ್ಯಾರೆ ಸಿಲಿಂಡರ್, ಬ್ಯಾರೆ ಭಾಂಡೆ ತರ್ತೇನಿ. ಮಟನ್ ತುಟ್ಟಿ ಆದಾಗಿಂದ ನಾನೂ ತರಾಂಗಿಲ್ಲ. ನನ್ನ ಕೈದು ಬೆಂದಿದ್ದು ನಿನಗ ಮುಟ್ಟಾಂಗಿಲ್ಲ, ಆಣಿ ಮಾಡ್ತೇನಿ. ಬಾ ಅಕ್ಕಾ. ನನಗ ಒಬ್ಬಾಕಿಗೆ ಇರಾಕ ಆಗವಲ್ದು."

ಹನ್ನೊಂದು ವರ್ಷದಲ್ಲಿ ಹೇಳದ್ದನ್ನು ಹೇಳಿಬಿಟ್ಟಿದ್ದಳು. ಒಂದು ಮನೆಯಲ್ಲಿ ಎರಡು ಒಲೆ! ಐದು ತಿಂಗಳು ಸಿಲಿಂಡರ್ ಓಡಿಸುವವಳ ಬಾಯಲ್ಲಿ ಈ ಮಾತು ಕೇಳಿದ್ದರೆ ಚಾಳಿನವರು ಮೂರ್ಛೆ ಹೋಗುತ್ತಿದ್ದರು.

ಈರಕ್ಕ ಹೋಳನ್ನು ಬೆರಳಿನಿಂದ ಸವರುತ್ತ ಕೂತಿದ್ದಳು. ಆಮೇಲೆ, "ಚೀಲದಾಗ ಮತ್ತೇನೈತಿ?" ಎಂದಳು.

"ಏನಿಲ್ಲ. ನನ್ನ ಬುತ್ತಿ."

"ತಗಿ."

ಅಮೀನಾಬಿ ಗಂಟು ಬಿಚ್ಚಿದಳು. ಈರಕ್ಕ ಕೈಚಾಚಿ ರೊಟ್ಟಿಯನ್ನು ಎತ್ತಿಕೊಂಡಳು. ಅಮೀನಾಬಿ "ಅಕ್ಕಾ, ಅದು..." ಎಂದು ಬಾಯಿ ತೆರೆಯುವಷ್ಟರಲ್ಲಿ ಅದನ್ನು ನಡುವೆ ಮುರಿದು ಎರಡು ಮಾಡಿದಳು. ಎರಡನ್ನೂ ಅಕ್ಕಪಕ್ಕ ಹಿಡಿದು ನೋಡಿ, ದೊಡ್ಡದನ್ನು ಅಮೀನಾಬಿಯ ಕೈಗಿಟ್ಟು, ಚಿಕ್ಕದಕ್ಕೆ ಚಟ್ನಿ ಹಚ್ಚಿ ಬಾಯಿಗೆ ಹಾಕಿಕೊಂಡಳು. ಹಲ್ಲಿಲ್ಲದ ಕಡೆಯಿಂದ ನಿಧಾನವಾಗಿ ಅಗಿದಳು. ನುಂಗಿದಳು.

"ಉಪ್ಪು ಕಡಿಮಿ ಆಗೇತಿ" ಎಂದಳು. "ಉಪ್ಪಿನಾಗೂ ಉಳಸ್ತಿಯೇನ?"

ಅಮೀನಾಬಿಗೆ ಮುಂದಿನದು ಏನೂ ಕಾಣಲಿಲ್ಲ, ಕಣ್ಣು ತುಂಬಿ ಬಂದಿತ್ತು.

"ಆ ವರ್ಷ ಆಕಳಾ ನೆಕ್ಕೂದು ನೀ ನೋಡಿದ್ದು ನನಗ ಗೊತ್ತಿತ್ತು" ಎಂದಳು ಈರಕ್ಕ ಇನ್ನೊಂದು ತುತ್ತು ಮುರಿಯುತ್ತ. "ಹೇಳಾಕ ಬಾಯಿ ಬರಲಿಲ್ಲ ನೋಡ." ಆಮೇಲೆ ಸ್ವಲ್ಪ ಸಿಟ್ಟಿನಿಂದಲೇ, "ಮತ್ತ ಎರಡು ಒಲಿ ಯಾಕ ಅಂತೇನಿ? ಗ್ಯಾಸ್ ಏನ ಪುಕ್ಕಟ ಕೊಡ್ತಾರೇನು? ಒಂದ ಒಲಿ ಸಾಕು" ಎಂದಳು.

ಕಾಲು ನೆಟ್ಟಗಾಗಬೇಕು. ಶರಣಬಸವ ಒಪ್ಪಬೇಕು, ಅವನ ಮನೆಯವರು ನಾಲ್ಕು ಮಂದಿಯ ಬಾಯಿಗೆ ಏನು ಹೇಳಬೇಕೆಂದು ಯೋಚಿಸಬೇಕು. ಅದೆಲ್ಲ ಸುಲಭವಲ್ಲವೆಂದು ಇಬ್ಬರಿಗೂ ಗೊತ್ತಿತ್ತು. "ಎಳ್ಳಮಾಸಿ ಆಗ್ಲಿ ನೋಡೂಣು" ಎಂದಳು ಈರಕ್ಕ. ಸಂಜೆಯ ಬಸ್ಸಿಗೆ ಅಮೀನಾಬಿ ಒಬ್ಬಳೇ ವಾಪಸು ಬಂದಳು. ತನ್ನ ಬೀಗ ತಾನೇ ತೆಗೆದಳು. ಒಳಗೆ ಕತ್ತಲೆ, ಎಂದಿನಂತೆಯೇ ಕತ್ತಲೆ. ಬಾಗಿಲ ಮೇಲಿನ ಬಲ್ಬು ಹಾಕಿ ಹೊರಖೋಲಿಯಲ್ಲಿ ಮಂಚ ಎಲ್ಲಿ ಹಿಡಿಸುತ್ತದೆಂದು ಗೇಣು ಹಾಕಿ ನೋಡಿದಳು.

ಎಳ್ಳು ಅಮಾವಾಸ್ಯೆ ಹೋಯಿತು, ಸಂಕ್ರಾಂತಿಯೂ ಹೋಯಿತು, ಈರಕ್ಕ ಇನ್ನೂ ಬಂದಿರಲಿಲ್ಲ. ಒಂದು ಬೆಳಿಗ್ಗೆ ಭೋಂಗಾ ಕೂಗಿದ ಮೇಲೆ ಬಾಗಿಲು ಬಡಿದ ಸದ್ದಾಯಿತು. ಅಮೀನಾಬಿ ಹಿಟ್ಟಿನ ಕೈಯಲ್ಲೇ ಓಡಿಬಂದು ಬಾಗಿಲು ತೆಗೆದರೆ ಪಕ್ಕದ ಮನೆಯ ಐಶ್ವರ್ಯಾ, ಕೈಯಲ್ಲೊಂದು ತೆಂಗಿನಕಾಯಿ.

"ಚಾಚಿ, ಇಡೀ ಕಾಯಿ ನಮಗ ಹೆಚ್ಚಾಗ್ತೈತ್ರಿ. ನೀವೂ ಒಬ್ರ ಅದೀರಿ. ದಿನಾ ಅರ್ಧಾ ಅರ್ಧಾ ತಗೊಳ್ಳೂಣೇನ್ರಿ? ಇಬ್ಬರಿಗೂ ಉಳೀತೈತಿ" ಎಂದಳು ಹುಡುಗಿ. ಲೆಕ್ಕ ಸರಿಯಾಗಿಯೇ ಇತ್ತು, ಅಮೀನಾಬಿಯೇ ಕಲಿಸಿದ ಲೆಕ್ಕ ಅದು. ಕಾಯಿಯೂ ಚೆನ್ನಾಗಿತ್ತು, ಅಲ್ಲಾಡಿಸಿದರೆ ನೀರು ತುಂಬಿದ ಸದ್ದು.

ಒಳಗೆ ಅಡುಗೆಕಟ್ಟೆಯ ಮೇಲೆ ಅಮೀನಾಬಿಯದೂ ಒಂದು ಕಾಯಿಯಿತ್ತು. ಹಳಿಯಾಳದಿಂದ ಬಂದ ಮರುದಿನ ತಂದದ್ದು, ಇನ್ನೂ ಒಡೆದಿರಲಿಲ್ಲ.

"ಬ್ಯಾಡವಾ" ಎಂದಳು. "ನನ್ನ ಅರ್ಧಕ್ಕ ಮಂದಿ ಅದಾರ."